ಇ-ಟೈಪ್ ಮತ್ತು 720ಎಸ್: ಹೋಲಿಸುವುದಾದರೆ ಏನನ್ನು ಹೋಲಿಸಬೇಕು?

ಗೇರುಬೀಜ:

ಜಾಗ್ವಾರ್ ಇ-ಟೈಪ್ ಎಂಬ ಸ್ಪೋರ್ಟ್ಸ್ ಕಾರು ಹೊರಬಂದದ್ದು 1961ರ ಜಿನೀವಾ ಕಾರು ಪ್ರದರ್ಶನದಲ್ಲಿ. 2017ರಲ್ಲಿ ಅದೇ ಜಿನೀವಾದಲ್ಲಿ ಮೆಕ್‌ಲಾರೆನ್ 720ಎಸ್ ಸೂಪರ್‌ಕಾರು ಬಂತು. ನಡುವೆ 56 ವರ್ಷ. ಇವೆರಡನ್ನೂ ಪಕ್ಕಪಕ್ಕ ಇಟ್ಟು ಬರೆಯುವವರು ಎರಡೇ ಬಗೆ. ಒಬ್ಬರು 0–100 ಎಷ್ಟು ಸೆಕೆಂಡು ಅಂತ ಹೇಳಿ ಮುಗಿಸುತ್ತಾರೆ. ಇನ್ನೊಬ್ಬರು ಹಳೇ ಗಾಡಿಗೆ ಜೀವ ಇದೆ ಅಂತ ಕಣ್ಣೊರೆಸಿಕೊಳ್ಳುತ್ತಾರೆ. ಗಾಡಿ ಸಾಕುವವರಿಗಾಗಲಿ, ಬಿಚ್ಚಿ ಜೋಡಿಸುವವರಿಗಾಗಲಿ ಎರಡರಿಂದಲೂ ಪ್ರಯೋಜನವಿಲ್ಲ.

ಅಂಕಿಗಳನ್ನು ಮೊದಲೇ ಹಾಕಿಬಿಡುತ್ತೇನೆ, ಮತ್ತೆ ಮತ್ತೆ ಕೇಳೋದು ಬೇಡ. ಇ-ಟೈಪ್ 3.8: ಸಾಲಾಗಿ ಆರು ಸಿಲಿಂಡರ್, 3781 ಸಿಸಿ, ಮೂರು ಎಸ್‌ಯು ಎಚ್‌ಡಿ8 ಕಾರ್ಬ್ಯುರೇಟರ್ (ಗಾಳಿ-ಪೆಟ್ರೋಲ್ ಬೆರೆಸುವ ಭಾಗ), ಕಂಪನಿ ಹೇಳಿದ ಶಕ್ತಿ 265 ಬಿಎಚ್‌ಪಿ, ನಾಲ್ಕು ಗೇರು, ತೂಕ ಸುಮಾರು 1,250 ಕೆಜಿ, ನಾಲ್ಕು ಚಕ್ರಕ್ಕೂ ಡಿಸ್ಕ್ ಬ್ರೇಕು. 720ಎಸ್: ಜೋಡಿ ಟರ್ಬೊ ಇರುವ ವಿ8, 3994 ಸಿಸಿ, 720 ಪಿಎಸ್ (ಮೆಟ್ರಿಕ್ ಅಶ್ವಶಕ್ತಿ), 770 ನ್ಯೂಟನ್ ಮೀಟರ್, ಏಳು ಗೇರಿನ ಡ್ಯುಯಲ್ ಕ್ಲಚ್, ಕಾರ್ಬನ್ ಫೈಬರ್ ಟಬ್ (ಕಾರಿನ ಮೂಲ ಚೌಕಟ್ಟು), ಆಯಿಲ್ ಪೆಟ್ರೋಲ್ ಎಲ್ಲ ಸೇರಿ 1,419 ಕೆಜಿ.

ಬ್ರೇಕು, ಟೈರು, ತಿರುವಿನಲ್ಲಿ ನಡತೆ, ನಿರ್ವಹಣೆ, ಇನ್ನು ಮೂವತ್ತು ವರ್ಷಕ್ಕೆ ಯಾವುದು ಓಡುವ ಸ್ಥಿತಿಯಲ್ಲಿ ಉಳಿಯುತ್ತದೆ – ಇಷ್ಟರ ಬಗ್ಗೆ ಗೊತ್ತಿದ್ದವರು ಬರೆಯಿರಿ. ಬೇರೆ ಜೋಡಿ ಇನ್ನೂ ಚೆನ್ನಾಗಿ ಒಪ್ಪುತ್ತದೆ ಅನ್ನಿಸಿದರೆ ಅದನ್ನೂ ಹೇಳಿ.

ಟಾರ್ಕ್‌ರೆಂಚು:

265ನ್ನು 720ರ ಪಕ್ಕ ಹಾಗೇ ಇಡಬೇಡಿ. ಅದು ಗ್ರಾಸ್ ಲೆಕ್ಕ. ಕಾರಿನಲ್ಲಿ ಇಂಜಿನ್‌ಗೆ ತಗುಲಿಕೊಳ್ಳುವ ಹೊರೆಗಳನ್ನು ಕಳಚಿ, ಬೆಂಚಿನ ಮೇಲೆ ಓಡಿಸಿ ಅಳೆದದ್ದು. 720 ಎಂಬುದು ಎಲ್ಲ ಹೊರೆ ಸೇರಿಸಿ ಅಳೆದ ನೆಟ್ ಲೆಕ್ಕ. 265ನ್ನೇ ನಂಬಿದರೂ ಇ-ಟೈಪ್‌ಗೆ ಟನ್ನಿಗೆ 212 ಬಿಎಚ್‌ಪಿ. 720 ಪಿಎಸ್ ಅಂದರೆ 710 ಬಿಎಚ್‌ಪಿ, ಟನ್ನಿಗೆ 500. ನಿಜವಾದ ಅಂತರ ಇದಕ್ಕಿಂತ ದೊಡ್ಡದು.

ಗಂಟೆಗೆ 150 ಮೈಲಿ, ಅಂದರೆ 241 ಕಿಮೀ ಎಂಬ ಪ್ರಸಿದ್ಧ ವೇಗದ ಕತೆಯೂ ಹಾಗೇ. 1961ರಲ್ಲಿ ಪತ್ರಿಕೆಗಳ ಪರೀಕ್ಷೆಗೆ ಕೊಟ್ಟ ಕಾರುಗಳನ್ನು ಅದಕ್ಕೆಂದೇ ತಯಾರು ಮಾಡಿದ್ದರು, ರೇಸಿಂಗ್ ಟೈರು ಸಮೇತ. ಷೋರೂಮಿನಿಂದ ಹೊರಬಂದ ಕಾರು ಅಷ್ಟು ಓಡುತ್ತದೆ ಅಂತ ನಿರೀಕ್ಷಿಸುವುದು ತಪ್ಪು.

0–60 ಮೈಲಿಗೆ ಇ-ಟೈಪ್ ಸುಮಾರು 7 ಸೆಕೆಂಡು ತೆಗೆದುಕೊಳ್ಳುತ್ತದೆ. 720ಎಸ್ 0–200 ಕಿಮೀ ಮುಟ್ಟುವುದು 7.8 ಸೆಕೆಂಡಿನಲ್ಲಿ. ಅಂದರೆ ಹಳೆಯದು 97 ಕಿಮೀ ಮುಟ್ಟುವ ಹೊತ್ತಿಗೆ ಹೊಸದು 200ರ ಹತ್ತಿರ ಇರುತ್ತದೆ. ಓಟದ ಲೆಕ್ಕ ಇಲ್ಲಿಗೇ ಮುಗಿಯಿತು. ಇದರ ಮೇಲೆ ನೂರು ಉತ್ತರ ಬೇಕಿಲ್ಲ.

ನೀಲಿಹೊಗೆ:

ಬ್ರೇಕಿನದು ನನ್ನ ಪಾಲಿಗಿರಲಿ. ಹಳೇ ಗಾಡಿಗೆ ಒಳ್ಳೆಯ ರೇಡಿಯಲ್ ಟೈರು ಹಾಕಿ, ಬ್ರೇಕು ಸರಿಯಾಗಿದ್ದರೆ 0.8 ಜಿ (ಜಿ ಅಂದರೆ ಗುರುತ್ವದ ವೇಗೋತ್ಕರ್ಷ) ನಿಧಾನಗತಿ ಸಿಗುತ್ತದೆ ಅಂತಿಟ್ಟುಕೊಳ್ಳಿ. 720ಎಸ್‌ಗೆ 1.3 ಜಿ. 100 ಕಿಮೀ ವೇಗದಿಂದ ನಿಲ್ಲಲು ಮೊದಲನೆಯದಕ್ಕೆ 49 ಮೀಟರ್, ಎರಡನೆಯದಕ್ಕೆ 30 ಮೀಟರ್ ಬೇಕು. 19 ಮೀಟರ್ ಅಷ್ಟೇ ತಾನೆ ಅನ್ನಬೇಡಿ. ಹೊಸದು ಪೂರ್ತಿ ನಿಂತ ಜಾಗದಲ್ಲಿ ಹಳೆಯದು ಇನ್ನೂ 62 ಕಿಮೀ ವೇಗದಲ್ಲಿ ಹೋಗುತ್ತಿರುತ್ತದೆ. ಆಧುನಿಕ ಗಾಡಿಗಳ ನಡುವೆ ಇ-ಟೈಪ್ ಓಡಿಸುವವರು ಬಿಡಬೇಕಾದ ಅಂತರ ಇದರಿಂದ ಗೊತ್ತಾಗುತ್ತದೆ.

ಎರಡನೆಯ ವಿಷಯ ಶಾಖ. 1,300 ಕೆಜಿ ಗಾಡಿಯನ್ನು 160ರಿಂದ ನಿಲ್ಲಿಸಿದರೆ ಬ್ರೇಕು ನುಂಗಬೇಕಾದ್ದು ಸುಮಾರು 1.3 ಮೆಗಾಜೂಲ್. 1,500 ಕೆಜಿಯನ್ನು 250ರಿಂದ ನಿಲ್ಲಿಸಿದರೆ 3.6. ಇದಕ್ಕೇ 720ಎಸ್‌ಗೆ ಮುಂದೆ 390, ಹಿಂದೆ 380 ಮಿಮೀ ಕಾರ್ಬನ್ ಸೆರಾಮಿಕ್ ಡಿಸ್ಕು, ಜೊತೆಗೆ ಬ್ರೇಕ್ ಒತ್ತಿದಾಗ ಗಾಳಿಗೆ ಎದುರಾಗಿ ಏಳುವ ಹಿಂದಿನ ರೆಕ್ಕೆ. ಇ-ಟೈಪ್‌ನದು ಮುಂದೆ 11 ಇಂಚು, ಹಿಂದೆ 10 ಇಂಚು, ಎರಡೂ ಎರಕದ ಕಬ್ಬಿಣ.

ಹಿಂದಿನ ಆ ಡಿಸ್ಕುಗಳು ಚಕ್ರದ ಬಳಿ ಇಲ್ಲ, ಎರಡು ಹಿಂಚಕ್ರಕ್ಕೂ ಶಕ್ತಿ ಹಂಚುವ ಡಿಫರೆನ್ಶಿಯಲ್‌ಗೆ ಅಂಟಿಕೊಂಡಿವೆ. ಚಕ್ರದ ಕಡೆ ಭಾರ ಕಡಿಮೆಯಾಗಿ ಸಸ್ಪೆನ್ಶನ್ ಚೆನ್ನಾಗಿ ಕೆಲಸ ಮಾಡಲಿ ಅಂತ ಹಾಗೆ ಮಾಡಿದ್ದು. ತೊಂದರೆ ಏನಂದರೆ ಅಲ್ಲಿ ಗಾಳಿ ಆಡುವುದಿಲ್ಲ. ಡಿಸ್ಕಿನ ಬಿಸಿಗೆ ಡಿಫರೆನ್ಶಿಯಲ್‌ನ ಹೊರ ಶಾಫ್ಟಿನ ಆಯಿಲ್ ಸೀಲು ಒಣಗಿ ಗಡುಸಾಗುತ್ತದೆ, ಆಯಿಲ್ ಜಿನುಗಿ ಡಿಸ್ಕಿಗೇ ಹತ್ತುತ್ತದೆ. ಬ್ರೇಕು ಒಂದೇ ಕಡೆ ಎಳೆದರೆ ಕ್ಯಾಲಿಪರ್ ಬಿಚ್ಚುವ ಮೊದಲು ಟಾರ್ಚು ಹಿಡಿದು ಡಿಫರೆನ್ಶಿಯಲ್‌ನ ಎರಡೂ ಪಕ್ಕ ನೋಡಿ.

ಪ್ಯಾಡನ್ನು ಕಷ್ಟಪಟ್ಟು ಕೆಳಗಿನಿಂದಲೇ ಬದಲಾಯಿಸಬಹುದು. ಡಿಸ್ಕು ಅಥವಾ ಸೀಲು ಬೇಕಾದರೆ ಹಿಂದಿನ ಇಡೀ ಕೇಜ್ (ಡಿಫರೆನ್ಶಿಯಲ್, ಸಸ್ಪೆನ್ಶನ್ ಹೊತ್ತ ಚೌಕಟ್ಟು) ಇಳಿಸಬೇಕು: ಸೈಲೆನ್ಸರ್ ಪೈಪು, ಪ್ರೊಪೆಲ್ಲರ್ ಶಾಫ್ಟ್, ಹ್ಯಾಂಡ್ ಬ್ರೇಕ್ ಕೇಬಲ್, ಬ್ರೇಕ್ ಪೈಪು, ರೇಡಿಯಸ್ ಆರ್ಮ್‌ಗಳ ಮುಂದಿನ ಬೋಲ್ಟು, ಕೊನೆಗೆ ನಾಲ್ಕು ರಬ್ಬರ್ ಮೌಂಟು. ರೇಡಿಯಸ್ ಆರ್ಮ್ ಬೋಲ್ಟು ತುಕ್ಕು ಹಿಡಿದು ಕಚ್ಚಿಕೊಂಡಿರುವುದೇ ಹೆಚ್ಚು. ಎರಡು ದಿನ ಮೊದಲೇ ತುಕ್ಕು ಬಿಡಿಸುವ ಎಣ್ಣೆ ಬಿಡುತ್ತಾ ಬನ್ನಿ. ಕೇಜ್ ಇಳಿದ ಮೇಲೆ ಸೀಲು, ಹ್ಯಾಂಡ್ ಬ್ರೇಕ್, ಯುನಿವರ್ಸಲ್ ಜಾಯಿಂಟ್, ರಬ್ಬರ್ ಮೌಂಟು ಎಲ್ಲ ಒಂದೇ ಸಲ ಮುಗಿಸಿ. ಅರ್ಧ ಮಾಡಿ ಮೇಲೇರಿಸಿದರೆ ಮತ್ತೆ ಇಳಿಸುವುದು ಖಂಡಿತ.

ಕೋಡ್‌ರೀಡರ್:

@ನೀಲಿಹೊಗೆ, ಕಾರ್ಬನ್ ಸೆರಾಮಿಕ್ ಬಗ್ಗೆ ಒಂದು ಮಾತು ಸೇರಿಸಬೇಕು. ಕಬ್ಬಿಣದ ಡಿಸ್ಕಿನ ಹಾಗೆ ದಪ್ಪ ಅಳೆದು ಸವೆತ ಹೇಳುವುದು ಸಾಲದು. ಅತಿ ಬಿಸಿಯಲ್ಲಿ ಒಳಗಿನ ಕಾರ್ಬನ್ ನಾರು ಸುಟ್ಟು ಹೋಗುತ್ತದೆ, ದಪ್ಪ ಹಾಗೇ ಇದ್ದರೂ ತೂಕ ಇಳಿಯುತ್ತದೆ. ಅದಕ್ಕೇ ಡಿಸ್ಕಿನ ನಡುಭಾಗದಲ್ಲಿ ಕನಿಷ್ಠ ತೂಕವನ್ನು ಕೊರೆದಿರುತ್ತಾರೆ. ಬಿಚ್ಚಿ, ಒರೆಸಿ, ತಕ್ಕಡಿಯಲ್ಲಿ ತೂಗಬೇಕು. ಬಿಚ್ಚದೆ ಅಳೆಯುವ ಎಡ್ಡಿ ಕರೆಂಟ್ ಮೀಟರುಗಳೂ ಇವೆ.

ರಸ್ತೆಯಲ್ಲಿ ಮಾತ್ರ ಓಡಿದ ಗಾಡಿಯಲ್ಲಿ ಈ ಡಿಸ್ಕು ಸವೆಯುವುದಕ್ಕಿಂತ ಏಟು ತಿಂದು ಹಾಳಾಗುವುದು ಜಾಸ್ತಿ. ಚಕ್ರ ತೆಗೆಯುವಾಗ ರಿಮ್ಮು ಡಿಸ್ಕಿನ ಅಂಚಿಗೆ ಬಡಿದರೆ ಚಕ್ಕೆ ಏಳುತ್ತದೆ. ಬೋಲ್ಟಿನ ಜಾಗಕ್ಕೆ ಉದ್ದನೆಯ ಗೈಡ್ ಪಿನ್ ಎರಡು ಹಾಕಿ, ಚಕ್ರವನ್ನು ಅದರ ಮೇಲೆ ನೇರವಾಗಿ ಜಾರಿಸಿ ತೆಗೆಯಿರಿ. ಚಕ್ರ ತೊಳೆಯಲು ಆಸಿಡ್ ಇರುವ ಕ್ಲೀನರ್ ಬೇಡ.

ಸೂಜಿಜೆಟ್:

ಮಾರಾಯ್ರೆ, ನಿರ್ವಹಣೆ ಅಂತ ಬಂದ ಮೇಲೆ ಕಾರ್ಬ್ಯುರೇಟರ್ ಬಿಟ್ಟು ಹೇಗೆ ಮಾತಾಡುವುದು? ಇ-ಟೈಪ್ "ಟ್ಯೂನಿಂಗ್ ನಿಲ್ಲುವುದಿಲ್ಲ" ಅನ್ನುವ ದೂರಿಗೆ ಹತ್ತರಲ್ಲಿ ಎಂಟು ಸಲ ಕಾರ್ಬ್ಯುರೇಟರ್ ಕಾರಣವೇ ಅಲ್ಲ. ಕ್ರಮ ತಪ್ಪಿದ್ದೇ ಕಾರಣ.

ಮೊದಲು ವಾಲ್ವ್ ಕ್ಲಿಯರೆನ್ಸ್, ಅಂದರೆ ಕ್ಯಾಮ್‌ಗೂ ಟ್ಯಾಪೆಟ್‌ಗೂ ನಡುವಿನ ಸಂದು ನೋಡಿ. ಇಂಜಿನ್ ತಣ್ಣಗಿದ್ದಾಗ ಇನ್‌ಲೆಟ್ 0.10 ಮಿಮೀ, ಎಕ್ಸಾಸ್ಟ್ 0.15. ಸರಿ ಮಾಡಲು ಸ್ಕ್ರೂ ಇಲ್ಲ, ಟ್ಯಾಪೆಟ್ ಬಟ್ಟಲಿನ ಅಡಿ ಶಿಮ್ಮು (ತೆಳು ಲೋಹದ ಬಿಲ್ಲೆ) ಇರುತ್ತದೆ. ಶಿಮ್ಮಿಗೆ ಎ-ಯಿಂದ ಝಡ್‌ವರೆಗೆ ಅಕ್ಷರ ಕೊಟ್ಟಿದ್ದಾರೆ, ಒಂದು ಅಕ್ಷರಕ್ಕೆ ಇಂಚಿನ ಸಾವಿರದಲ್ಲೊಂದು ಪಾಲು ವ್ಯತ್ಯಾಸ. ಎಲ್ಲ ಹನ್ನೆರಡು ವಾಲ್ವಿನ ಅಳತೆ ಬರೆದುಕೊಂಡು ಆಮೇಲೆ ಕ್ಯಾಮ್‌ಶಾಫ್ಟ್ ತೆಗೆಯಿರಿ. ಚೈನು ಕಳಚಿದ ಮೇಲೆ ಎರಡೂ ಕ್ಯಾಮ್ ಹೆಡ್‌ನಲ್ಲಿ ಇರುವಾಗ ಒಂದನ್ನು ತಿರುಗಿಸಬೇಡಿ, ಇನ್‌ಲೆಟ್ ವಾಲ್ವೂ ಎಕ್ಸಾಸ್ಟ್ ವಾಲ್ವೂ ಒಂದಕ್ಕೊಂದು ತಾಗಿ ಬಾಗುತ್ತವೆ.

ಎರಡನೆಯದು ಇಗ್ನಿಷನ್. ಪಾಯಿಂಟ್ ಅಂತರ 0.36ರಿಂದ 0.41 ಮಿಮೀ, ಪ್ಲಗ್ 0.64. ಟೈಮಿಂಗ್ ನೋಡಿ. ಇಷ್ಟಾದ ಮೇಲೆ ಕಾರ್ಬ್ಯುರೇಟರ್‌ಗೆ ಕೈ ಹಾಕಿ.

ಎಚ್‌ಡಿ8ರಲ್ಲಿ ಐಡ್ಲಿಂಗ್‌ಗೆ ಬಟರ್‌ಫ್ಲೈ (ಗಾಳಿ ದಾರಿ ತೆರೆದು ಮುಚ್ಚುವ ತಟ್ಟೆ) ತೆರೆದಿಡುವ ಪದ್ಧತಿ ಇಲ್ಲ. ಮೂರೂ ಬಟರ್‌ಫ್ಲೈ ಪೂರ್ತಿ ಮುಚ್ಚಿರಬೇಕು. ಐಡ್ಲಿಂಗ್ ಗಾಳಿ ಬರುವುದು ಪಕ್ಕದ ಸ್ಲೋ ರನ್ನಿಂಗ್ ಸ್ಕ್ರೂ ದಾರಿಯಿಂದ. ಇದು ಗೊತ್ತಿಲ್ಲದೆ ಥ್ರಾಟಲ್ ಸ್ಟಾಪ್ ತಿರುಗಿಸುವವರೇ ಹೆಚ್ಚು. ಲಿಂಕೇಜ್ ಸಡಿಲಿಸಿ, ಮೂರೂ ಸ್ಕ್ರೂ ಎರಡೆರಡು ಸುತ್ತು ತೆರೆದು ಶುರು ಮಾಡಿ. ಜೆಟ್ಟನ್ನು (ಪೆಟ್ರೋಲ್ ಬರುವ ಕೊಳವೆ) ಬ್ರಿಜ್‌ನ (ಗಾಳಿ ದಾರಿಯ ತಳ) ಮಟ್ಟಕ್ಕೆ ತಂದು, ಅಲ್ಲಿಂದ ಮಿಕ್ಸ್ಚರ್ ಸ್ಕ್ರೂ ಎರಡೂವರೆ ಸುತ್ತು ಒಳಗೆ. ಇಂಜಿನ್ ಚೆನ್ನಾಗಿ ಬಿಸಿಯಾಗಲಿ. ಗಾಳಿ ಮೀಟರ್ ಇಟ್ಟು ಮೂರರಲ್ಲೂ ಹರಿವು ಸಮ ಬರುವಂತೆ ಮಾಡಿ, ಐಡ್ಲಿಂಗ್ ಸುಮಾರು 700 ಆರ್‌ಪಿಎಂನಲ್ಲಿ ನಿಲ್ಲಲಿ.

ಆಮೇಲೆ ಮಿಕ್ಸ್ಚರ್. ಪಿಸ್ಟನ್ ಎತ್ತುವ ಪಿನ್ನನ್ನು ಬೆರಳಿನಿಂದ ಒತ್ತಿ ಪಿಸ್ಟನ್ನನ್ನು ಸುಮಾರು 0.8 ಮಿಮೀ ಮಾತ್ರ ಎತ್ತಿ. ಇಂಜಿನ್ ವೇಗ ಒಂದು ಕ್ಷಣ ಸ್ವಲ್ಪ ಏರಿ ವಾಪಸ್ ಇಳಿದರೆ ಸರಿಯಾಗಿದೆ. ಏರಿ ಅಲ್ಲೇ ನಿಂತರೆ ಪೆಟ್ರೋಲ್ ಜಾಸ್ತಿ. ಮುಗ್ಗರಿಸಿ ನಿಲ್ಲುವ ಹಾಗಾದರೆ ಪೆಟ್ರೋಲ್ ಕಡಿಮೆ. ಎಚ್‌ಡಿಯಲ್ಲಿ ಸ್ಕ್ರೂ ಒಳಗೆ ಹೋದರೆ ಜೆಟ್ ಕೆಳಗಿಳಿದು ಪೆಟ್ರೋಲ್ ಹೆಚ್ಚುತ್ತದೆ. ಒಂದನ್ನು ತಿದ್ದಿದರೆ ಉಳಿದ ಎರಡೂ ಕೊಂಚ ಬದಲಾಗುತ್ತವೆ, ಹಾಗಾಗಿ ಎರಡು ಸುತ್ತು ಬರಬೇಕು. ಕೊನೆಗೆ ಲಿಂಕೇಜ್ ಬಿಗಿ ಮಾಡಿ, ಮೂರೂ ಬಟರ್‌ಫ್ಲೈ ಒಟ್ಟಿಗೇ ಏಳುತ್ತವಾ ನೋಡಿ.

ಇಷ್ಟು ಮಾಡಿಯೂ ಐಡ್ಲಿಂಗ್ ಅಲೆದಾಡಿದರೆ ಥ್ರಾಟಲ್ ಸ್ಪಿಂಡಲ್ ಸವೆದು ಗಾಳಿ ಕುಡಿಯುತ್ತಿದೆ. ಕಾರ್ಬ್ಯುರೇಟರ್ ಅಡಿಯಿಂದ ಪೆಟ್ರೋಲ್ ತೊಟ್ಟಿಕ್ಕಿದರೆ ಜೆಟ್ಟಿನ ಡಯಾಫ್ರಾಮ್ ಹರಿದಿದೆ. ಎಕ್ಸಲರೇಟರ್ ಒತ್ತಿದ ಕೂಡಲೇ ಗಕ್ಕನೆ ತಡೆದರೆ ಮೇಲಿನ ಡ್ಯಾಂಪರ್‌ನಲ್ಲಿ ಆಯಿಲ್ ಇಲ್ಲ. ಅಲ್ಲಿಗೆ ಎಸ್‌ಎಇ 20 ಸಾಕು. ಗೇರ್ ಆಯಿಲ್ ಹಾಕುವ ಬುದ್ಧಿವಂತಿಕೆ ಬೇಡ.

ಹೊಸಬ್ಯಾಟರಿ:

ಸೂಜಿಜೆಟ್ ಸರ್, ಎಥನಾಲ್ ಬೆರೆಸಿದ ಪೆಟ್ರೋಲ್ ಹಾಕಿದರೆ ಈ ಹೊಂದಾಣಿಕೆ ಬದಲಾಗುತ್ತಾ? ಮತ್ತೆ ಆಯಿಲ್ ಯಾವುದು? ಹೊಸ ಕಾರಿನ ದುಬಾರಿ ಸಿಂಥೆಟಿಕ್ ಹಾಕಿದರೆ ಇನ್ನೂ ಒಳ್ಳೇದಲ್ವಾ?

ಸೂಜಿಜೆಟ್:

ಬದಲಾಗುತ್ತದೆ. ಶುದ್ಧ ಪೆಟ್ರೋಲ್ ಪೂರ್ತಿ ಉರಿಯಲು ತೂಕದಲ್ಲಿ 14.7 ಪಾಲು ಗಾಳಿ ಬೇಕು. 10% ಎಥನಾಲ್ ಇದ್ದರೆ ಸುಮಾರು 14.1. ಅಂದರೆ ಅದೇ ಜೆಟ್ಟಿನಲ್ಲಿ ಗಾಡಿ 4% ಬಡವಾಗಿ, ಅಂದರೆ ಪೆಟ್ರೋಲ್ ಪಾಲು ಕಡಿಮೆಯಾಗಿ ಉರಿಯುತ್ತದೆ. 720ಎಸ್‌ನಲ್ಲಿ ಆಕ್ಸಿಜನ್ ಸೆನ್ಸರ್ ಅದನ್ನು ನೋಡಿ ತಾನೇ ತಿದ್ದಿಕೊಳ್ಳುತ್ತದೆ, ಇ-ಟೈಪ್‌ನಲ್ಲಿ ನೀವೇ ಆ ಸೆನ್ಸರ್. ಅದೇ ಪಿನ್ ಪರೀಕ್ಷೆ ಮಾಡಿ ಸ್ಕ್ರೂ ಕೊಂಚ ಒಳಗೆ ತಿರುಗಿಸಿ.

ಮಿಕ್ಸ್ಚರ್‌ಗಿಂತ ದೊಡ್ಡ ಚಿಂತೆ ರಬ್ಬರಿನದು. ಹಳೆಯ ಹೋಸು ಎಥನಾಲ್‌ಗೆ ಮೆತ್ತಗಾಗಿ ಒಳಗಿನಿಂದ ಸಿಪ್ಪೆ ಏಳುತ್ತದೆ, ಇಲ್ಲವೇ ಬಿರುಕು ಬಿಟ್ಟು ಬಿಸಿ ಎಕ್ಸಾಸ್ಟ್ ಮೇಲೆ ಸೋರುತ್ತದೆ. ಹಳೇ ಕಾರುಗಳಿಗೆ ಬೆಂಕಿ ಹತ್ತುವ ಮುಖ್ಯ ಕಾರಣಗಳಲ್ಲಿ ಇದೂ ಒಂದು. ಎಸ್‌ಎಇ ಜೆ30 ಆರ್9 ಅಂತ ಮೈಮೇಲೆ ಅಚ್ಚಾಗಿರುವ ಹೋಸೇ ಹಾಕಿ. ಎಥನಾಲ್ ನೀರು ಹೀರುತ್ತದೆ, ಟ್ಯಾಂಕಿನ ತಳ ತುಕ್ಕು ಹಿಡಿಯುತ್ತದೆ. ಹಾಗಾಗಿ ಗಾಡಿ ನಿಲ್ಲಿಸುವಾಗ ಅರ್ಧ ಟ್ಯಾಂಕು ಬೇಡ.

ಆಯಿಲ್: 20ಡಬ್ಲ್ಯು-50, ಸುಮಾರು ಎಂಟೂವರೆ ಲೀಟರ್. ಈ ಇಂಜಿನ್‌ನಲ್ಲಿ ಕ್ಯಾಮ್ ನೇರವಾಗಿ ಟ್ಯಾಪೆಟ್ ಮೇಲೆ ಉಜ್ಜುತ್ತದೆ, ರೋಲರ್ ಇಲ್ಲ. ಅಲ್ಲಿ ರಕ್ಷಣೆ ಕೊಡುವುದು ಝಿಂಕ್-ಫಾಸ್ಫರಸ್ ಸೇರ್ಪಡೆ. ಕ್ಯಾಟಲಿಟಿಕ್ ಕನ್ವರ್ಟರ್ ಹಾಳಾಗದಿರಲಿ ಅಂತ ಹೊಸ ಕಾರುಗಳ ತೆಳು ಆಯಿಲ್‌ನಲ್ಲಿ, ಅಂದರೆ 5ಡಬ್ಲ್ಯು-30ರಂಥದ್ದರಲ್ಲಿ, ಫಾಸ್ಫರಸ್ಸನ್ನು 800 ಪಿಪಿಎಂಗೆ ಮಿತಿಗೊಳಿಸಿದ್ದಾರೆ. ಹಳೆಯದಕ್ಕೆ 1,000ದಿಂದ 1,200 ಇರಲಿ. ದುಬಾರಿ ಅಂದ ಮಾತ್ರಕ್ಕೆ ಒಪ್ಪುತ್ತದೆ ಅಂತಲ್ಲ. ಬಿಸಿಯಾದ ಇಂಜಿನ್ 3,000 ಆರ್‌ಪಿಎಂನಲ್ಲಿ 40 ಪಿಎಸ್ಐ ತೋರಿಸಿದರೆ ನಿಶ್ಚಿಂತೆ.

ಓರೆತಿರುವು:

ಚರ್ಚೆ ಗ್ಯಾರೇಜಿನಲ್ಲೇ ನಿಂತುಬಿಟ್ಟಿದೆ, ರಸ್ತೆಗೆ ಬರೋಣ.

50 ಮೀಟರ್ ತ್ರಿಜ್ಯದ ಒಂದು ತಿರುವು. ಹಳೆಯದಕ್ಕೆ 0.75 ಜಿ ಹಿಡಿತ, ಹೊಸದಕ್ಕೆ 1.2 ಜಿ ಅಂತ ಲೆಕ್ಕ ಹಿಡಿದರೆ ಇ-ಟೈಪ್‌ನ ಮಿತಿ 69 ಕಿಮೀ, 720ಎಸ್‌ನದು 87. ಅಂತರ ಬರೀ 18 ಕಿಮೀ. ಆದರೆ ಜಾರಿ ರಸ್ತೆ ಬಿಟ್ಟಾಗ ಗಾಡಿಯಲ್ಲಿರುವ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ, ಕೆಜಿಗೆ ಸುಮಾರು 1.6 ಪಟ್ಟು.

ಇನ್ನೂ ಮುಖ್ಯವಾದದ್ದು ಮಿತಿ ಹೇಗೆ ಬರುತ್ತದೆ ಎಂಬುದು. ಇ-ಟೈಪ್ ಮೂಲತಃ ಬಂದದ್ದು 6.40-15 ಕ್ರಾಸ್‌ಪ್ಲೈ ಟೈರಿನಲ್ಲಿ. ಈಗ ಎಲ್ಲರೂ 185 ಅಗಲದ ರೇಡಿಯಲ್ ಹಾಕುತ್ತಾರೆ. ಎತ್ತರದ, ಮೆತ್ತನೆಯ ಪಕ್ಕಗೋಡೆ. ಹಿಡಿತ ತಪ್ಪುವ ಮೊದಲು ಸ್ಟಿಯರಿಂಗ್ ಹಗುರಾಗುತ್ತದೆ, ಹಿಂಭಾಗ ಮೆಲ್ಲನೆ ಸರಿಯುತ್ತದೆ, ತಿದ್ದಿಕೊಳ್ಳಲು ಹೊತ್ತಿರುತ್ತದೆ. 720ಎಸ್‌ಗೆ ಮುಂದೆ 245/35 ಆರ್19, ಹಿಂದೆ 305/30 ಆರ್20. ಅಷ್ಟು ಗಿಡ್ಡ ಪಕ್ಕಗೋಡೆಯ ಟೈರು ಹಿಡಿದಷ್ಟೂ ಹಿಡಿದು, ಬಿಟ್ಟಾಗ ಬೇಗ ಬಿಡುತ್ತದೆ. ಆ ಬಿಡುವ ಕ್ಷಣವನ್ನು ಕಂಪ್ಯೂಟರ್ ನೋಡಿಕೊಳ್ಳುತ್ತದೆ. ಎಲೆಕ್ಟ್ರಾನಿಕ್ ಸ್ಟೆಬಿಲಿಟಿ ಪೂರ್ತಿ ಆಫ್ ಮಾಡಿ, ತಣ್ಣಗಿನ ಟೈರಿನಲ್ಲಿ ಎಕ್ಸಲರೇಟರ್ ಒತ್ತುವುದರಿಂದ ಗಾಡಿ ಗೋಡೆಗೆ ಹೋಗುತ್ತದೆ. ಟ್ರ್ಯಾಕಿಗೆಂದು ಮಾಡಿದ ಅರೆ-ಸ್ಲಿಕ್ ಟೈರು 7 ಡಿಗ್ರಿಗಿಂತ ಕೆಳಗೆ ಪ್ಲಾಸ್ಟಿಕ್ಕಿನಷ್ಟೇ ಗಟ್ಟಿ.

ಬಹಳ ಜನಕ್ಕೆ ಗೊತ್ತಿಲ್ಲದ ಒಂದು ತಮಾಷೆ ಹೇಳುತ್ತೇನೆ. ಇ-ಟೈಪ್ 3.8ರ ಹಿಂದೆ ಪವರ್-ಲಾಕ್ ಎಂಬ ಮೆಕ್ಯಾನಿಕಲ್ (ಒಂದು ಚಕ್ರ ಜಾರಿದರೂ ಇನ್ನೊಂದಕ್ಕೆ ಶಕ್ತಿ ಕೊಡುವ) ಲಿಮಿಟೆಡ್ ಸ್ಲಿಪ್ ಡಿಫರೆನ್ಶಿಯಲ್ ಇದೆ. 720ಎಸ್‌ನಲ್ಲಿ ಇಲ್ಲ! ಅದರದ್ದು ಓಪನ್ ಡಿಫರೆನ್ಶಿಯಲ್. ಒಳಚಕ್ರ ಜಾರಿದರೆ ಆ ಚಕ್ರದ ಬ್ರೇಕ್ ಒತ್ತಿ ಶಕ್ತಿಯನ್ನು ಹೊರಚಕ್ರಕ್ಕೆ ತಳ್ಳುತ್ತದೆ. ಆ್ಯಂಟಿ ರೋಲ್ ಬಾರ್ ಕೂಡ ಇಲ್ಲ. ನಾಲ್ಕು ಡ್ಯಾಂಪರ್‌ಗಳನ್ನು ಹೈಡ್ರಾಲಿಕ್ ಪೈಪಿನಲ್ಲಿ ಒಂದಕ್ಕೊಂದು ಜೋಡಿಸಿ ಓಲಾಟ ತಡೆಯುತ್ತಾರೆ. ಭಾರ ಉಳಿಯಿತು. ಆದರೆ ಕಬ್ಬಿಣ ಮಾಡುತ್ತಿದ್ದ ಕೆಲಸ ಈಗ ಸೆನ್ಸರ್, ವಾಲ್ವ್ ಮತ್ತು ಪ್ರೋಗ್ರಾಮಿನ ಪಾಲಾಗಿದೆ. ನನ್ನ ಕೇಳಿದರೆ ಈ ಎರಡು ಕಾರುಗಳ ನಿಜವಾದ ವ್ಯತ್ಯಾಸ ಇಲ್ಲಿದೆ, ಕುದುರೆ ಶಕ್ತಿಯಲ್ಲಲ್ಲ.

ಗೇರುಬೀಜ:

ಹಾಗಾದರೆ ಗೇರ್‌ಬಾಕ್ಸ್ ಬಗ್ಗೆಯೂ ಯಾರಾದರೂ ಹೇಳಿ. ಹೆಸರಿಗಾದರೂ ನಾನು ಕೇಳಬೇಕಲ್ಲ.

ಟಾರ್ಕ್‌ರೆಂಚು:

3.8ರ ಮಾಸ್ ಗೇರ್‌ಬಾಕ್ಸ್‌ನ ಮೊದಲ ಗೇರಿಗೆ ಸಿಂಕ್ರೊ (ಗೇರುಗಳ ವೇಗ ತಾನೇ ಹೊಂದಿಸುವ ರಿಂಗು) ಇಲ್ಲ. ಗಾಡಿ ಪೂರ್ತಿ ನಿಂತ ಮೇಲೇ ಹಾಕಬೇಕು, ಇಲ್ಲವೇ ಡಬಲ್ ಕ್ಲಚ್: ಕ್ಲಚ್ ಒತ್ತಿ ನ್ಯೂಟ್ರಲ್, ಕ್ಲಚ್ ಬಿಟ್ಟು ಎಕ್ಸಲರೇಟರ್ ಸ್ವಲ್ಪ ಕೊಟ್ಟು ಇಂಜಿನ್ ವೇಗ ಏರಿಸಿ, ಮತ್ತೆ ಕ್ಲಚ್ ಒತ್ತಿ ಗೇರ್. ಉಳಿದ ಗೇರುಗಳನ್ನೂ ಅವಸರಿಸಬಾರದು, ನ್ಯೂಟ್ರಲ್‌ನಲ್ಲಿ ಅರೆಕ್ಷಣ ತಡೆದು ಹಾಕಿ. 1964ರ 4.2 ಬಂದ ಮೇಲೆ ನಾಲ್ಕಕ್ಕೂ ಸಿಂಕ್ರೊ ಬಂತು.

ಆಯಿಲ್ ಹಾಕುವಾಗ ಗೇರ್ ಆಯಿಲ್‌ನ ದರ್ಜೆಗಳಾದ ಜಿಎಲ್-5 ಮತ್ತು ಜಿಎಲ್-4 ಅದಲುಬದಲು ಮಾಡಬೇಡಿ. ಹಲವು ಜಿಎಲ್-5 ಆಯಿಲ್‌ಗಳಲ್ಲಿರುವ ಗಂಧಕ-ಫಾಸ್ಫರಸ್ ಸೇರ್ಪಡೆ ಹಿತ್ತಾಳೆ, ಕಂಚಿನ ಸಿಂಕ್ರೊ ರಿಂಗುಗಳನ್ನು ತಿನ್ನುತ್ತದೆ. ಕ್ಲಚ್ ಪ್ಲೇಟ್ ಬದಲಿಸಬೇಕಾದರೆ ಇಂಜಿನ್ ಮತ್ತು ಗೇರ್‌ಬಾಕ್ಸ್ ಒಟ್ಟಿಗೇ ಹೊರಗೆ ಬರಬೇಕು. ಬಾನೆಟ್ ಬಿಚ್ಚುವುದರಿಂದ ಕೆಲಸ ಶುರು.

ಡ್ಯುಯಲ್ ಕ್ಲಚ್‌ನಲ್ಲಿ ತೊಂದರೆ ಬೇರೆ. ಗೇರ್ ಬದಲಾವಣೆಯಲ್ಲಿ ಅದು ತಪ್ಪು ಮಾಡುವುದಿಲ್ಲ, ಆದರೆ ಟ್ರಾಫಿಕ್ಕಿನಲ್ಲಿ ಇಂಚಿಂಚೇ ತೆವಳಿದರೆ ಕ್ಲಚ್ ಅರ್ಧ ಹಿಡಿದ ಸ್ಥಿತಿಯಲ್ಲೇ ಉಜ್ಜಿ ಬಿಸಿಯಾಗುತ್ತದೆ. ಮುಂದೆ ಒಂದು ಕಾರಿನಷ್ಟು ಜಾಗ ಆಗುವವರೆಗೆ ಬ್ರೇಕ್ ಒತ್ತಿ ನಿಲ್ಲಿ, ಆಮೇಲೆ ಒಮ್ಮೆಲೇ ಹೋಗಿ. ಏರಿನಲ್ಲಿ ಬ್ರೇಕ್ ಬಿಟ್ಟು ಎಕ್ಸಲರೇಟರ್‌ನಿಂದ ಗಾಡಿ ತಡೆಹಿಡಿಯುವುದು ಎಲ್ಲಕ್ಕಿಂತ ಕೆಟ್ಟದ್ದು.

ತುಕ್ಕುಪುಡಿ:

ಗುರು, ಕೊಳ್ಳುವ ಮುಂಚೆ ಏನು ನೋಡಬೇಕು ಅಂತ ಯಾರೂ ಹೇಳಲಿಲ್ಲ. ಬಣ್ಣ ಇಂಜಿನ್ ಆಮೇಲೆ, ಮೊದಲು ಎಲುಬು.

ಇ-ಟೈಪ್‌ನ ಮುಂದಿನ ಇಂಜಿನ್ ಫ್ರೇಮು ತೆಳು ಚೌಕ ಕೊಳವೆಗಳದ್ದು, ರೆನಾಲ್ಡ್ಸ್ 541 ಉಕ್ಕು. ಒಳಗಿನಿಂದ ತುಕ್ಕು ತಿನ್ನುತ್ತೆ, ಹೊರಗೆ ಪೇಂಟು ಹೊಳೀತಿರುತ್ತೆ. ಬ್ಯಾಟರಿ ಹತ್ತಿರದ ಕೊಳವೆಗಳನ್ನ, ಬೆಸುಗೆ ಜಾಗಗಳನ್ನ ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಕೇಳು. ಸದ್ದು ಮಂದ ಬಂದರೆ ಅನುಮಾನ ಪಡು. ಈ ಕೊಳವೆ ಕೆಳಗೆ ಜ್ಯಾಕ್ ಕೊಟ್ಟ ಗುರುತಿದ್ದರೆ ಅಲ್ಲಿ ತಗ್ಗು ಬಿದ್ದಿರುತ್ತೆ. ಬಾಗಿಲ ಕೆಳಗಿನ ಸಿಲ್ ಬಾಕ್ಸು ಮೇಲೇ ಇಡೀ ಬಾಡಿ ನಿಂತಿದೆ. ಬಾಗಿಲ ಸಂದು ಮೇಲೆ ಕೆಳಗೆ ಬೇರೆ ಬೇರೆ ಇದ್ದರೆ ಸಿಲ್ ಕುಸಿದಿದೆ, ಇಲ್ಲಾ ಗಾಡಿ ಬಗ್ಗಿದಾಗಲೇ ಬೆಸುಗೆ ಹಾಕಿದ್ದಾರೆ.

ತಂತಿ ಚಕ್ರಕ್ಕೆ ಹಬ್ಬಿನ ಹಲ್ಲು ನೋಡು. ಹಲ್ಲು ಚೂಪಾಗಿದ್ದರೆ ಸವೆದಿದೆ. ಮುಂದೆ ಹಿಂದೆ ಹೋದಾಗ ಟಕ್ ಅಂತ ಸದ್ದು ಬರುತ್ತೆ. ಬಲಗಡೆ ಚಕ್ರಕ್ಕೆ ಎಡ ಮರೆ (ಉಲ್ಟಾ ಸುತ್ತಿನ ಥ್ರೆಡ್) ಅನ್ನೋದು ಮರೀಬೇಡ, ಸುತ್ತಿಗೆ ಎತ್ತೋ ಮುಂಚೆ ಯಾವ ಕಡೆ ತಿರುಗಬೇಕು ಅಂತ ಸ್ಪಿನ್ನರ್ (ಚಕ್ರ ಬಿಗಿಯೋ ನಡುವಿನ ನಟ್ಟು) ಮೇಲಿನ ಬಾಣ ನೋಡು.

3.8ರಲ್ಲಿ ಬ್ಯಾಟರಿ ಪಾಸಿಟಿವ್ ಅರ್ಥಿಂಗು, ಅಂದರೆ ಪಾಸಿಟಿವ್ ಕಂಬ ಬಾಡಿಗೆ. ಮಾಮೂಲಿ ಮ್ಯೂಸಿಕ್ ಸಿಸ್ಟಮ್, ಎಲೆಕ್ಟ್ರಾನಿಕ್ ಇಗ್ನಿಷನ್ ಹಾಗೇ ಜೋಡಿಸಿದರೆ ಮೊದಲ ಸಲವೇ ಹೊಗೆ.

ಟೈರಿನ ವಯಸ್ಸು ಎರಡು ಗಾಡಿಗೂ ಒಂದೇ ನಿಯಮ. ಪಕ್ಕಗೋಡೆಲಿ ನಾಲ್ಕು ಅಂಕಿ ಇರುತ್ತೆ, 2319 ಅಂದರೆ 2019ರ 23ನೇ ವಾರ. ಕಮ್ಮಿ ಓಡೋ ಗಾಡಿಲಿ ಗೆರೆ ಪೂರ್ತಿ ಇದ್ದರೂ ರಬ್ಬರ್ ಸತ್ತಿರುತ್ತೆ.

ಕೋಡ್‌ರೀಡರ್:

ಹೊಸದರ ಪಟ್ಟಿ ನಾನು ಕೊಡುತ್ತೇನೆ. ಕಾರ್ಬನ್ ಟಬ್ ತುಕ್ಕು ಹಿಡಿಯುವುದಿಲ್ಲ, ಆದರೆ ಏಟು ಬಿದ್ದರೆ ಹೊರಗೆ ಗೀರು ಕಾಣದೆಯೂ ಒಳಪದರ ಬಿಟ್ಟುಕೊಂಡಿರಬಹುದು. ಸಸ್ಪೆನ್ಶನ್ ಜೋಡಣೆಯ ಜಾಗ, ತಳದ ಅಂಚು ಇವನ್ನು ಅಲ್ಟ್ರಾಸೌಂಡ್‌ನಿಂದ ನೋಡಿಸಬೇಕು. ಡಯಾಗ್ನೋಸ್ಟಿಕ್ ಕಂಪ್ಯೂಟರ್ ಹಾಕಿ ಎಲ್ಲ ಮಾಡ್ಯೂಲುಗಳ ದೋಷ ದಾಖಲೆ, ಇಂಜಿನ್ ಮಿತಿಮೀರಿ ತಿರುಗಿದ ದಾಖಲೆ, ಕ್ಲಚ್ ಹೊಂದಾಣಿಕೆಯ ಅಂಕಿ ತೆಗೆಯಿರಿ. ದೋಷವೇ ಇಲ್ಲದ ಖಾಲಿ ಪಟ್ಟಿ ಬಂದರೆ ಸಂತೋಷಪಡಬೇಡಿ, ಅರ್ಧ ಗಂಟೆ ಹಿಂದೆ ಯಾರೋ ಅಳಿಸಿರಬಹುದು. ಗಾಡಿ ಓಡಿಸಿ ಬಂದು ಮತ್ತೆ ಓದಿ.

ಹೈಡ್ರಾಲಿಕ್ ಜೋಡಣೆಯ ಸಸ್ಪೆನ್ಶನ್‌ನಲ್ಲಿ ಅನಿಲ ತುಂಬಿದ ಅಕ್ಯುಮುಲೇಟರ್‌ಗಳಿವೆ. ವರ್ಷ ಕಳೆದಂತೆ ಒತ್ತಡ ಇಳಿಯುತ್ತದೆ, ಗಾಡಿ ಸಣ್ಣ ಹಳ್ಳಕ್ಕೂ ಗಡಸಾಗಿ ಕುಕ್ಕುತ್ತದೆ. ಅದು ಸವೆಯುವ ಭಾಗ ಅಂತಲೇ ತಿಳಿಯಿರಿ.

ಮೂವತ್ತು ವರ್ಷದ ಪ್ರಶ್ನೆಗೆ ಉತ್ತರ: ಪಿಸ್ಟನ್, ಬೇರಿಂಗು, ಗೇರು ಇವನ್ನೆಲ್ಲ ಯಾವತ್ತೂ ಮಾಡಿಸಬಹುದು. ಕಷ್ಟ ಬರುವುದು ಕಂಪ್ಯೂಟರ್ ಘಟಕಗಳಲ್ಲಿ. ಕೆಪಾಸಿಟರ್ ಒಣಗುತ್ತದೆ, ಪರದೆ ಮಂಕಾಗುತ್ತದೆ, ಬದಲಿ ಮಾಡ್ಯೂಲ್ ಸಿಕ್ಕರೂ ಕಾರಿನ ಗುರುತಿಗೆ ಹೊಂದಿಸದೆ ಸ್ಟಾರ್ಟ್ ಆಗುವುದಿಲ್ಲ. ಮೆಕ್‌ಲಾರೆನ್ ಎಫ್1 ಎಂಬ 1990ರ ದಶಕದ ಸೂಪರ್‌ಕಾರು ಒಟ್ಟು ಆದದ್ದು 106. ಅದರ ಸರ್ವಿಸ್‌ಗೆ ವಿಶೇಷ ಕಾರ್ಡ್ ಹಾಕಿದ 1990ರ ದಶಕದ ಕಾಂಪ್ಯಾಕ್ ಲ್ಯಾಪ್‌ಟಾಪ್ ಬೇಕಾಗುತ್ತಿತ್ತು, ಎರಡು ದಶಕ ಕಳೆದರೂ ಕಂಪನಿಯವರು ಆ ಹಳೇ ಲ್ಯಾಪ್‌ಟಾಪ್ ಹುಡುಕಬೇಕಾಯಿತು. ಎಫ್1ಗಿಂತ 720ಎಸ್‌ನಲ್ಲಿ ಕಂಪ್ಯೂಟರ್ ಎಷ್ಟು ಪಟ್ಟು ಹೆಚ್ಚು ಅಂತ ನೀವೇ ಯೋಚಿಸಿ.

ಓರೆತಿರುವು:

ಗೇರುಬೀಜ ಕೇಳಿದ ಬೇರೆ ಜೋಡಿ: 1973ರ ಪೋರ್ಷೆ 911 ಕರೆರಾ ಆರ್‌ಎಸ್ 2.7 ಮತ್ತು 2021ರ 911 ಜಿಟಿ3 (992 ಪೀಳಿಗೆ). ಸೂಪರ್‌ಕಾರ್ ಅಂತ ಒಪ್ಪದವರು ಇರಬಹುದು, ಆದರೆ ಹೋಲಿಕೆ ಶುದ್ಧವಾಗಿರುತ್ತದೆ. ಎರಡಕ್ಕೂ ಹಿಂದೆ ಮಲಗಿದ ಆರು ಸಿಲಿಂಡರ್, ಎರಡಕ್ಕೂ ಟರ್ಬೊ ಇಲ್ಲ. 2.7 ಲೀಟರಿನಿಂದ 210 ಪಿಎಸ್, ಹಗುರ ಮಾದರಿ 975 ಕೆಜಿ ಒಳಗೆ. ಜಿಟಿ3ರಲ್ಲಿ 4 ಲೀಟರಿನಿಂದ 510 ಪಿಎಸ್, 9,000 ಆರ್‌ಪಿಎಂ, ಪಿಡಿಕೆ (ಡ್ಯುಯಲ್ ಕ್ಲಚ್) ಗೇರ್‌ಬಾಕ್ಸಿನೊಂದಿಗೆ 1,435 ಕೆಜಿ. ಲೀಟರಿಗೆ 78 ಪಿಎಸ್ ಇದ್ದದ್ದು ಸುಮಾರು 128 ಆಯಿತು, ತೂಕ ಸುಮಾರು ಒಂದೂವರೆ ಪಟ್ಟು ಆಯಿತು.

ಆರ್‌ಎಸ್‌ನಲ್ಲಿ ಕಾರ್ಬ್ಯುರೇಟರ್ ಇಲ್ಲ, ಬಾಷ್ ಮೆಕ್ಯಾನಿಕಲ್ ಇಂಜೆಕ್ಷನ್. ಸಿಲಿಂಡರಿಗೊಂದರಂತೆ ಆರು ಪ್ಲಂಜರ್, ಕ್ಯಾಮ್‌ಶಾಫ್ಟ್‌ನಿಂದ ಹಲ್ಲಿನ ಬೆಲ್ಟ್. ಸದಾ ಕರಿಹೊಗೆ ಬಿಡುತ್ತಿದ್ದರೆ ಪಂಪ್ ಬಿಚ್ಚಲು ಹೋಗಬೇಡಿ. ಎಡಗಡೆ ಹೀಟ್ ಎಕ್ಸ್‌ಚೇಂಜರ್‌ನಿಂದ ಪಂಪಿನ ಥರ್ಮೋಸ್ಟಾಟ್‌ಗೆ ಬಿಸಿಗಾಳಿ ಒಯ್ಯುವ ಸಣ್ಣ ಹೋಸು ಹರಿದಿದೆಯಾ ನೋಡಿ. ಅದು ಹರಿದರೆ ಇಂಜಿನ್ ಬಿಸಿಯಾಗಿದೆ ಅಂತ ಪಂಪಿಗೆ ತಿಳಿಯುವುದೇ ಇಲ್ಲ, ಪೆಟ್ರೋಲ್ ಸುರಿಯುತ್ತಲೇ ಇರುತ್ತದೆ, ಸಿಲಿಂಡರ್ ಗೋಡೆಯ ಆಯಿಲ್ ತೊಳೆದುಹೋಗುತ್ತದೆ.

ಹಗುರವಾದ ಹೊಸ ಕಾರು ಸಾಧ್ಯವೇ ಇಲ್ಲ ಅನ್ನುವವರಿಗೆ: ಗಾರ್ಡನ್ ಮರ್ರಿ ಟಿ.50, ವಿ12 ಇಂಜಿನ್, ಕೈಯಲ್ಲಿ ಹಾಕುವ ಆರು ಗೇರು, ತೂಕ 1,000 ಕೆಜಿಗಿಂತ ಕಡಿಮೆ.

ಹೊಸಬ್ಯಾಟರಿ:

ಕೊನೆಯ ಪ್ರಶ್ನೆ. ಎರಡೂ ಗಾಡಿಯನ್ನು ಮೂರು ತಿಂಗಳು ನಿಲ್ಲಿಸಬೇಕಾದರೆ ಏನು ಮಾಡಬೇಕು? ವಾರಕ್ಕೊಮ್ಮೆ ಐದು ನಿಮಿಷ ಸ್ಟಾರ್ಟ್ ಮಾಡಿ ಬಿಟ್ಟರೆ ಸಾಕಾ?

ಸೂಜಿಜೆಟ್:

ಅದೊಂದನ್ನು ಮಾತ್ರ ಮಾಡಬೇಡಿ ಮಾರಾಯ್ರೆ. ಐದು ನಿಮಿಷದಲ್ಲಿ ಆಯಿಲ್ ಬಿಸಿಯಾಗುವುದಿಲ್ಲ, ಉರಿದಾಗ ಹುಟ್ಟಿದ ನೀರು ಇಂಜಿನ್ ಒಳಗೂ ಸೈಲೆನ್ಸರ್ ಒಳಗೂ ಉಳಿಯುತ್ತದೆ. ಓಡಿಸುವುದಾದರೆ ಆಯಿಲ್ 80 ಡಿಗ್ರಿ ದಾಟಿ ಇಪ್ಪತ್ತು ನಿಮಿಷ ಓಡಲಿ, ಇಲ್ಲವೇ ಮುಟ್ಟಬೇಡಿ. ನಿಲ್ಲಿಸುವ ಮೊದಲು ಹೊಸ ಆಯಿಲ್, ಪೂರ್ತಿ ಟ್ಯಾಂಕು, ಪೆಟ್ರೋಲ್ ಸ್ಟೆಬಿಲೈಸರ್ ಹಾಕಿ ಹತ್ತು ನಿಮಿಷ ಓಡಿಸಿ ಕಾರ್ಬ್ಯುರೇಟರ್‌ವರೆಗೂ ತಲುಪಿಸಿ. ಟೈರಿನ ಗಾಳಿ ಅರ್ಧ ಬಾರ್ ಜಾಸ್ತಿ ಇರಲಿ. ಹ್ಯಾಂಡ್ ಬ್ರೇಕ್ ಹಾಕಬೇಡಿ, ಚಕ್ರಕ್ಕೆ ಮರದ ಅಡ್ಡ ಕೊಡಿ. ಬ್ರೇಕ್ ಆಯಿಲ್ ಎರಡು ವರ್ಷ ಆಗಿದ್ದರೆ ಈಗಲೇ ಬದಲಿಸಿ: ಡಾಟ್ 4ರ ಕುದಿಬಿಂದು ಹೊಸದರಲ್ಲಿ ಕನಿಷ್ಠ 230 ಡಿಗ್ರಿ, ನೀರು ಹೀರಿದ ಮೇಲೆ 155ಕ್ಕೆ ಇಳಿಯಬಹುದು.

ಕೋಡ್‌ರೀಡರ್:

ಹೊಸದಕ್ಕೆ ಬ್ಯಾಟರಿಯೇ ಮುಖ್ಯ. ಲಾಕ್ ಮಾಡಿದ ಮೇಲೂ ಮಾಡ್ಯೂಲುಗಳು ನಿದ್ದೆಗೆ ಹೋಗಲು ಅರ್ಧ ಗಂಟೆವರೆಗೂ ಬೇಕು. ಆಮೇಲೂ 50 ಮಿಲಿಆಂಪ್ ಎಳೆಯುತ್ತವೆ ಅಂತಿಟ್ಟುಕೊಂಡರೆ ದಿನಕ್ಕೆ 1.2 ಆಂಪಿಯರ್-ಅವರ್. 70ರ ಬ್ಯಾಟರಿ ಒಂದು ತಿಂಗಳಲ್ಲಿ ಅರ್ಧ ಖಾಲಿ. ಕೀಲಿಯನ್ನು ಕಾರಿನ ಹತ್ತಿರ ಇಟ್ಟರೆ ಮಾಡ್ಯೂಲುಗಳು ಮತ್ತೆ ಮತ್ತೆ ಏಳುತ್ತವೆ, ಇನ್ನೂ ಬೇಗ ಖಾಲಿ. ಬ್ಯಾಟರಿ ಸತ್ತರೆ ಎಷ್ಟೋ ಸೂಪರ್‌ಕಾರುಗಳಲ್ಲಿ ಬಾಗಿಲೂ ಮುಂದಿನ ಮುಚ್ಚಳವೂ ತೆರೆಯುವುದಿಲ್ಲ. ತುರ್ತು ಕೇಬಲ್ ಎಲ್ಲಿದೆ ಅಂತ ಮೊದಲೇ ನೋಡಿಟ್ಟುಕೊಳ್ಳಿ.

ನಿರಂತರ ಚಾರ್ಜರ್ ಹಾಕಿಯೇ ಇಡಿ. ಬ್ಯಾಟರಿ ಲಿಥಿಯಂ ಆಗಿದ್ದರೆ ಲಿಥಿಯಂ ಮೋಡ್ ಇರುವ ಚಾರ್ಜರೇ ಬೇಕು. ಸೀಸದ ಬ್ಯಾಟರಿಯ ಚಾರ್ಜರ್ ಗಂಧಕ ಬಿಡಿಸಲು 15 ವೋಲ್ಟ್ ದಾಟಿಸುತ್ತದೆ, ಲಿಥಿಯಂ ಅದಕ್ಕೆ ಹಾಳಾಗುತ್ತದೆ. ಅದೇ ಚಾರ್ಜರನ್ನು ಇ-ಟೈಪ್‌ಗೂ ಹಾಕುವವರು ಕಾರಿನ ಬಾಡಿಗೆ ಕಪ್ಪು ಕ್ಲಿಪ್ ಹಚ್ಚುವ ಅಭ್ಯಾಸ ಬಿಡಿ. 3.8ರಲ್ಲಿ ಬಾಡಿಯೇ ಪಾಸಿಟಿವ್, ನೇರ ಬ್ಯಾಟರಿಯ ಕಂಬಗಳಿಗೇ ಗುರುತು ನೋಡಿ ಹಚ್ಚಿ.

ತುಕ್ಕುಪುಡಿ:

ಅದಕ್ಕೇ 3.8ರ ಬ್ಯಾಟರಿ ಪಕ್ಕ ಒಂದು ಚೀಟಿ ಅಂಟಿಸೋದು ಒಳ್ಳೇದು ಗುರು. ಬೇರೆಯವರು ಜಂಪರ್ ಕೇಬಲ್ ಹಿಡ್ಕೊಂಡು ಬಂದಾಗ ನೀನು ಪಕ್ಕದಲ್ಲಿ ಇರಲ್ಲ.